ನೀರಂಚಿನ ಹುಲ್ಲು

“ಈ ಎತ್ತು ನಿನ್ನಪ್ಪನ ಥರಾನೇ ಕಣೋ ಅಗುಮಾಸ್. ಹೊರಗೆ ಮಿರಿಮಿರಿ ಮಿಂಚೋದು, ಒಳಗೆಲ್ಲ ಹುಳ!”

ಅಂಬಾವ್ ಹೀಗಂದದ್ದು ಫಾಸಿಕಾ, ಅಂದರೆ ಈಸ್ಟರ್ ಹಬ್ಬದ ಬೆಳಿಗ್ಗೆ, ಅತ್ತಿಮರದ ಕೆಳಗೆ, ಹನ್ನೆರಡು ಮನೆಯವರು ಬುಟ್ಟಿ ಹಿಡಿದು ನಿಂತಿದ್ದಾಗ. ಐವತ್ತೈದು ದಿನ ಮಾಂಸ, ಹಾಲು, ಬೆಣ್ಣೆ ಯಾವುದನ್ನೂ ಮುಟ್ಟದೆ ಉಪವಾಸ ಮಾಡಿದ ಜನ. ಹನ್ನೆರಡು ಮನೆ ಸೇರಿ ಒಂದು ಎತ್ತು ಕೊಯ್ದು ಸಮಪಾಲು ಮಾಡಿಕೊಳ್ಳುವ ಕಿರ್ಚಾಕ್ಕೆ ಈ ವರ್ಷದ ಎತ್ತು ಅಗುಮಾಸನದು. ಮೊದಲು ಪಿತ್ತಜನಕಾಂಗ ತೆಗೆದು, ಬಿಸಿಯಿರುವಾಗಲೇ ಖಾರದ ಪುಡಿ ಅದ್ದಿ, ನಿಂತಲ್ಲೇ ಎಲ್ಲರೂ ಒಂದೊಂದು ತುಂಡು ತಿನ್ನಬೇಕು. ಆಮೇಲೆ ಉಳಿದದ್ದೆಲ್ಲ. ಹಿರಿಯನೆಂದು ಚಾಕು ಅಂಬಾವನ ಕೈಯಲ್ಲಿತ್ತು.

ಆ ಚಾಕು ಪಿತ್ತಜನಕಾಂಗಕ್ಕೆ ಇಳಿದಾಗ ಮರಳು ಕೊಯ್ದ ಹಾಗೆ ಕರಕರ ಎಂದಿತ್ತು. ಬೆರಳಿನ ಗಾತ್ರದ ಬಿಳಿ ಕೊಳವೆಗಳು. ಅಂಬಾವ್ ಒಂದನ್ನು ಹಿಸುಕಿದ. ಎಲೆಯಂತೆ ಚಪ್ಪಟೆಯಾದ ಹುಳುಗಳು ಒಂದರ ಹಿಂದೊಂದು ಹೊರಗೆ ಬಂದು ಬಾಳೆಲೆಯ ಮೇಲೆ ಮುದುಡಿಕೊಂಡವು. ಖಾರದ ಪುಡಿಯ ತಟ್ಟೆ ಹಿಡಿದು ಮುಂದೆ ಬಂದಿದ್ದವರು ಹಿಂದೆ ಸರಿದರು.

“ಗಾಶೆ, ನಾನು ಒಂಬತ್ತು ತಿಂಗಳು ಕಟ್ಟಿ ಸಾಕಿದೀನಿ,” ಎಂದ ಅಗುಮಾಸ್. ಹಿರಿಯರನ್ನು ಹಾಗೆಯೇ ಕರೆಯಬೇಕು, ಎಷ್ಟೇ ಉರಿಯುತ್ತಿದ್ದರೂ. “ಕೆಸರಿಗೆ ಕಾಲಿಡೋಕೆ ಬಿಟ್ಟಿಲ್ಲ. ನನ್ನ ಕೈಯಾರೆ ಹುಲ್ಲು ತಂದು ಹಾಕಿದೀನಿ.”

“ಅದೇ ನೋಡು! ಅವನ ಕೈಯಾರೆ, ಅವನ ಕಣ್ಣಾರೆ!” ಅಂಬಾವ್ ಜನರ ಕಡೆ ತಿರುಗಿದ. “ಅಪ್ಪ ಹೊಟ್ಟೆ ಊದಿ ಸತ್ತ. ಈಗ ಎತ್ತು. ಈ ಮನೆಯವರ ಕಣ್ಣು ಬಿದ್ದದ್ದು ಒಳಗಿಂದ ಕೊಳೆಯುತ್ತೆ ಕಣ್ರಯ್ಯಾ. ಮಕ್ಕಳನ್ನ ಒಂಚೂರು ಆ ಕಡೆ ಕರ್ಕೊಳಿ.”

ಯಾರೋ ನಕ್ಕರು. ಆದರೆ ಒಬ್ಬ ತಾಯಿ ನಗಲಿಲ್ಲ. ತನ್ನ ಬಿಳಿ ಶಾಲಿನ ಸೆರಗನ್ನು ಮಗುವಿನ ಮುಖದ ಮೇಲೆಳೆದು ಅಗುಮಾಸನಿಗೆ ಬೆನ್ನು ಮಾಡಿದಳು. ಅಗುಮಾಸನ ಎದೆಗೆ ನಾಟಿದ್ದು ಅದು. ಬೈದರೆ ಬೈಯಬಹುದು, ಹೊಡೆದರೆ ಹೊಡೆಯಬಹುದು. ಮಗುವಿನ ಮುಖ ಮುಚ್ಚಿದವಳಿಗೆ ಏನು ಮಾಡುವುದು?

ಹಬ್ಬ ಮುಗಿದ ವಾರ ಹಿರಿಯರು ಕೂತು ತೀರ್ಮಾನ ಹೇಳಿದರು. ಹೇಳಿದ್ದು ಎಲ್ಲರೂ, ಹೇಳಿಸಿದ್ದು ಅಂಬಾವ್. ಮುಂದಿನ ಫಾಸಿಕಾದ ಎತ್ತು ಅಂಬಾವನ ಕೊಟ್ಟಿಗೆಯಿಂದ. ಅದಕ್ಕೆ ಹುಲ್ಲು ಮಾತ್ರ ಅಗುಮಾಸನ ತಲೆಯ ಮೇಲಿಂದ, ಒಂದು ವರ್ಷ, ಒಂದು ದಿನವೂ ತಪ್ಪದೆ. ತಪ್ಪಿದರೆ ಅವನ ಮನೆ ಕಿರ್ಚಾದಿಂದ ಹೊರಗೆ. ಕಿರ್ಚಾದಿಂದ ಹೊರಗಾದವನ ಮನೆಗೆ ಮದುವೆಗೂ ಜನ ಬರುವುದಿಲ್ಲ, ಸಾವಿಗೂ ಬರುವುದಿಲ್ಲ.

ಅಗುಮಾಸ್ ತಲೆಯಾಡಿಸಿ ಬಂದ. ಅವನಿಗೆ ಇಪ್ಪತ್ತಾರು ವರ್ಷ. ಆರನೇ ತರಗತಿಗೇ ಶಾಲೆ ಬಿಟ್ಟು ಅಪ್ಪನ ಉಳುಮೆಗೆ ನಿಂತವನು. ಮನೆಯಲ್ಲಿ ತಾಯಿ ಟಿರುಂಗೊ ಒಬ್ಬಳೇ. ಪ್ರತಿದಿನ ಮಧ್ಯಾಹ್ನ ಆಕೆ ಕಾಫಿ ಬೀಜ ಹುರಿದರೆ ಆ ಘಮಕ್ಕೆ ಅಕ್ಕಪಕ್ಕದ ನಾಲ್ಕು ಹೆಂಗಸರು ತಾವಾಗಿ ಬರುತ್ತಿದ್ದರು. ಈಗ ಬೀಜ ಕರಿಯಾಗುವ ತನಕ ಹುರಿದರೂ ಬಾಗಿಲಲ್ಲಿ ಮೂವರ ನೆರಳು ಬೀಳಲಿಲ್ಲ. ನಾಲ್ಕು ಲೋಟಗಳಲ್ಲಿ ಮೂರು ಬೋರಲೇ ಉಳಿಯುತ್ತಿದ್ದವು.

ಬರುತ್ತಿದ್ದವಳು ವುಬಿತ್ ಒಬ್ಬಳೇ. ಅಂಬಾವನ ತೀರಿಹೋದ ತಮ್ಮನ ಹೆಂಡತಿ. ನಾಲ್ಕು ವರ್ಷದ ಮಗಳು ಲಾಕೆಚ್‌ಳನ್ನು ಸೊಂಟದ ಮೇಲೆ ಕೂರಿಸಿಕೊಂಡು, ಮುಖ ಮುಚ್ಚದೆ, ನೆಟ್ಟಗೆ ಬಂದು ಕೂರುತ್ತಿದ್ದಳು.

“ನಿನಗೆ ಭಯ ಇಲ್ವೇನೇ, ನನ್ನ ಮಗನ ಕಣ್ಣು?” ಎಂದು ಟಿರುಂಗೊ ಒಮ್ಮೆ ಕೇಳಿಬಿಟ್ಟಳು.

“ನಿನ್ನ ಮಗನ ಕಣ್ಣಿಗಿಂತ ನನ್ನ ಭಾವನ ಬಾಯಿಗೆ ಭಯ ಜಾಸ್ತಿ,” ಎಂದು ವುಬಿತ್ ನಕ್ಕಳು. “ಸಕ್ಕರೆ ಇನ್ನೊಂದು ಚೂರು ಹಾಕು.”

ಅಗುಮಾಸ್ ಮೂಲೆಯಲ್ಲಿ ಕುಡುಗೋಲು ಮಸೆಯುತ್ತಿದ್ದ. ದಿನಾ ಮಸೆಯುತ್ತಿದ್ದ. ಅದಕ್ಕಷ್ಟು ಮಸೆತ ಬೇಕಿರಲಿಲ್ಲ.

ಮಳೆಗಾಲ ಕಳೆಯಿತು. ಊರಂಚಿನ ಸರೋವರ ಹಿಂದೆ ಸರಿಯತೊಡಗಿತು. ನೀರು ಬಿಟ್ಟುಕೊಟ್ಟ ನೆಲದಲ್ಲಿ ಮೊಣಕಾಲೆತ್ತರ ಹಸಿರು. ಆ ಹೊತ್ತಿಗೆ ದನದ ಆಸ್ಪತ್ರೆಯ ಬಾಂಚಿ ಚುಚ್ಚುಮದ್ದು ಹಾಕಲು ಬೈಕಿನಲ್ಲಿ ಬಂದಳು. ಗಂಡಸರಿಗಿಂತ ಜೋರಾಗಿ ಮಾತಾಡುವ, ಗಮ್‌ಬೂಟು ತೊಟ್ಟ ಹುಡುಗಿ. ಅಗುಮಾಸ್ ಅವಳನ್ನು ದಂಡೆಯಲ್ಲೇ ಅಡ್ಡಹಾಕಿದ.

“ಪಿತ್ತಜನಕಾಂಗದ ಹುಳ ಕಣ್ಣಿಂದ ಬರುತ್ತಾ?”

“ಯಾವ ಕಣ್ಣಿಂದ?”

“ಮನುಷ್ಯರ ಕಣ್ಣಿಂದ. ನನ್ನ ಕಣ್ಣಿಂದ.”

ಬಾಂಚಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ನಗಲಿಲ್ಲ. ಬಗ್ಗಿ ಕೆಸರಿನಿಂದ ಏನನ್ನೋ ಹೆಕ್ಕಿ ಅವನ ಅಂಗೈಯಲ್ಲಿಟ್ಟಳು. ಕಡಲೆಕಾಳಿನಷ್ಟಿದ್ದ ಬಸವನಹುಳು.

“ದನದ ಸಗಣೀಲಿ ಮೊಟ್ಟೆ ಇರುತ್ತೆ. ಮೊಟ್ಟೆ ನೀರಿಗೆ ಬಿತ್ತು ಅಂದ್ರೆ ಮರಿ. ಮರಿ ಬಂದು ಇದರ ಮನೇಲಿ ಬಾಡಿಗೆಗಿರುತ್ತೆ. ಬೆಳೆದ ಮೇಲೆ ಹೊರಗೆ ಬಂದು, ನೀರು ಮುಟ್ಟೋ ಹುಲ್ಲಿನ ದಂಟಿಗೆ ಅಂಟ್ಕೊಂಡು, ಸುತ್ತ ಚಿಪ್ಪು ಕಟ್ಕೊಂಡು ಕಾಯ್ತಾ ಕೂರುತ್ತೆ. ನಿನ್ನ ಕಣ್ಣಿಗೆ ಅದು ಕಾಣೋದೂ ಇಲ್ಲ.”

“ನನ್ನ ಎತ್ತು ನೀರಂಚಿಗೆ ಬಂದೇ ಇಲ್ಲ. ಕಟ್ಟಿಹಾಕಿದ್ದೆ.”

“ಎತ್ತು ಬರ್ಲಿಲ್ಲ, ಹುಲ್ಲು ಹೋಯ್ತಲ್ಲಪ್ಪ. ಯಾರ ತಲೆ ಮೇಲೆ ಹೋಯ್ತು?”

ಅಗುಮಾಸ್ ಅಂಗೈಯ ಬಸವನಹುಳುವನ್ನು ನೋಡಿದ. ಎಲ್ಲಕ್ಕಿಂತ ಹಸಿರಾದದ್ದು ಬೇಕೆಂದು, ಮೊಣಕಾಲವರೆಗೆ ನೀರಿಗಿಳಿದು, ಬುಡಕ್ಕೇ ಕುಡುಗೋಲು ಹಾಕಿ ಕೊಯ್ದು ತಂದಿದ್ದ. ಪ್ರೀತಿಯಿಂದ. ಒಂಬತ್ತು ತಿಂಗಳು.

“ಹುಳದ ಗುಳಿಗೆ ಹಾಕಿದ್ದೆ,” ಎಂದ ಮೆಲ್ಲಗೆ. “ಸಂತೇಲಿ ತಂದು.”

“ಒಂದನ್ನ ಎಷ್ಟು ದನಕ್ಕೆ ಮುರಿದೆ?”

“ಮೂರಕ್ಕೆ.”

“ಹಂಗಾದ್ರೆ ಹುಳಕ್ಕೆ ತಲೆನೋವು ಬಂದಿರುತ್ತೆ, ಅಷ್ಟೇ,” ಎಂದು ಬಾಂಚಿ ಕೈ ತೊಳೆದುಕೊಂಡಳು. “ಗುಡ್ಡದ ಹುಲ್ಲು ಕೊಯ್ದು ಚೆನ್ನಾಗಿ ಒಣಗಿಸಿ ಹಾಕು. ನೀರಂಚಿನದು ಹಸಿಯಾಗಿ ಬೇಡವೇ ಬೇಡ. ಅಂಬಾವ್‌ಗೂ ಹೇಳಿದೆ. ಅವರಪ್ಪನ ಕಾಲದಿಂದ ದನ ಅಲ್ಲೇ ಮೇಯ್ತಿದ್ವಂತೆ. ನನ್ನ ವಯಸ್ಸೆಷ್ಟು ಅಂತ ಕೇಳಿದ್ರು.”

ಅವಳು ಬೈಕು ಹತ್ತುವಾಗ ಅಗುಮಾಸ್ ಇನ್ನೊಂದು ಪ್ರಶ್ನೆ ಕೇಳಿದ. “ಒಳಗೆ ಹುಳ ಇದ್ರೆ ಹೊರಗೆ ಗೊತ್ತಾಗಲ್ವಾ?”

“ತಿಂದುಂಡು ಕೊಬ್ಬಿದ ಎತ್ತಿಗೆ ಎಷ್ಟೋ ಸಲ ಗೊತ್ತಾಗೋದೇ ಇಲ್ಲ. ಕೊಯ್ದಾಗಲೇ.”

ಬೈಕಿನ ಧೂಳು ಇಳಿಯುವ ತನಕ ಅಗುಮಾಸ್ ಅಲ್ಲೇ ನಿಂತಿದ್ದ. ಆರು ತಿಂಗಳಲ್ಲಿ ಮೊದಲ ಸಲ ಅವನ ಮುಖದಲ್ಲಿ ನಗು ಬಂದಿತ್ತು. ಕೊಯ್ದಾಗಲೇ. ಹನ್ನೆರಡು ಮನೆಯವರ ಎದುರಿಗೆ, ಅಂಬಾವನ ಎತ್ತು, ಅಂಬಾವನ ಚಾಕು, ಅಂಬಾವನ ಕೈಗೇ ಕರಕರ ಎನ್ನಬೇಕು. ಆಗ ಆ ಮುದುಕ ಯಾರ ಕಣ್ಣನ್ನು ಬೈಯುತ್ತಾನೋ ನೋಡೋಣ. ಹುಲ್ಲು ತಲೆಯ ಮೇಲೆ ಹೊರಿಸಿದವನು ಅವನೇ. ಶಿಕ್ಷೆ ಎಂದು ಕೊಟ್ಟದ್ದು ಕೈಗೆ ಕತ್ತಿಯಾಗಿ ಬಂದಿತ್ತು.

ಮರುದಿನದಿಂದ ಅಗುಮಾಸ್ ಹುಡುಕಿ ಹುಡುಕಿ ಕೊಯ್ದ. ಮೊದಲು ಕೆಸರಲ್ಲಿ ಬಸವನಹುಳು ಎಲ್ಲಿ ಹೆಚ್ಚಿದೆಯೆಂದು ನೋಡುವನು. ಅಲ್ಲೇ ನೀರಿಗಿಳಿದು, ನೀರೊಳಗೆ ಕೈಹಾಕಿ ಬುಡಕ್ಕೆ ಕೊಯ್ಯುವನು. ಒಣಗಲು ಬಿಡದೆ, ನೀರು ಬೆನ್ನಿಗಿಳಿಯುತ್ತಿದ್ದಂತೆಯೇ ಹೊತ್ತೊಯ್ದು ಅಂಬಾವನ ಬಾಗಿಲಲ್ಲಿ ಹಾಕುವನು. ಒಂದು ಹೊರೆ ಸಾಕೆಂದಿದ್ದರು. ಇವನು ಎರಡು ಒಯ್ದ.

“ಬುದ್ಧಿ ಬಂತು ನೋಡು ಮಗನಿಗೆ,” ಎಂದು ಅಂಬಾವ್ ಹಲ್ಲುಕಡ್ಡಿ ಕಚ್ಚಿಕೊಂಡೇ ಹೇಳಿದ. “ಅವಮಾನ ಆದ್ರೇ ಮನುಷ್ಯ ದುಡಿಯೋದು.”

“ಹೌದು ಗಾಶೆ,” ಎಂದ ಅಗುಮಾಸ್. ಆ ಎರಡು ಪದ ಬಾಯಲ್ಲಿ ಜೇನಿನಂತೆ ಕರಗಿದವು.

ಹಗಲು ಕೊಯ್ಯುತ್ತ ಅವನು ಆ ದಿನವನ್ನು ಮತ್ತೆ ಮತ್ತೆ ಕಟ್ಟಿಕೊಳ್ಳುತ್ತಿದ್ದ. ಅಂಬಾವನ ಮುಖ ಯಾವ ಬಣ್ಣಕ್ಕೆ ತಿರುಗುತ್ತದೆ, ತಾನು ಎಷ್ಟು ಹೊತ್ತು ಸುಮ್ಮನಿದ್ದು ಆಮೇಲೆ ಏನನ್ನುವುದು. ಹತ್ತು ಬಗೆಯ ಮಾತು ಸಿದ್ಧವಾಗಿತ್ತು. ಕೊನೆಗೆ ಎಲ್ಲಕ್ಕಿಂತ ಚಿಕ್ಕದನ್ನು ಆರಿಸಿಟ್ಟುಕೊಂಡ: ‘ಮಕ್ಕಳನ್ನ ಆ ಕಡೆ ಕರ್ಕೊಳಿ.’ ಅದನ್ನು ನೆನೆದಾಗಲೆಲ್ಲ ಕಾಲಿಗೆ ಹತ್ತಿದ ಜಿಗಣೆಯ ಅರಿವೂ ಆಗುತ್ತಿರಲಿಲ್ಲ.

ಮೂರು ತಿಂಗಳು ಹೀಗೇ ನಡೆಯಿತು. ಅಂಬಾವನ ಎತ್ತು ಉಬ್ಬಿ ಹೊಳೆಯುತ್ತಿತ್ತು.

ಜನವರಿಯ ತಿಂಕತ್ ಹಬ್ಬ ಕಳೆದ ವಾರ, ಕಾಫಿಗೆ ವುಬಿತ್ ಬರಲಿಲ್ಲ. ಮಾರನೆಯ ದಿನವೂ ಬರಲಿಲ್ಲ. ಟಿರುಂಗೊ ಕಾಫಿಯ ಜಾಡಿ ಒಲೆಯಿಂದ ಇಳಿಸಿ, “ಹೋಗಿ ನೋಡ್ಕೊಂಡು ಬಾರೋ. ಅವಳೂ ಬಿಟ್ಟಳೇನೋ ನಮ್ಮನ್ನ,” ಎಂದಳು.

ವುಬಿತ್ ಹಟ್ಟಿಯಲ್ಲಿ ತನ್ನ ಹಸುವಿನ ಎದುರು ಕುಕ್ಕರಗಾಲಲ್ಲಿ ಕೂತಿದ್ದಳು. ಆ ಮನೆಗಿದ್ದದ್ದು ಅದೊಂದೇ ಹಸು. ಹಸುವಿನ ಗದ್ದದ ಕೆಳಗೆ ನೀರು ತುಂಬಿದ ತೊಗಲಿನ ಚೀಲದಂತೆ ಊತ ಜೋತಾಡುತ್ತಿತ್ತು. ಪಕ್ಕೆಲುಬು ಎಣಿಸಬಹುದಿತ್ತು.

“ಕರು ಹಾಕ್ಬಿಡ್ತು ಅಗುಮಾಸ್. ತಿಂಗಳು ತುಂಬೋ ಮುಂಚೆ, ಸತ್ತೇ ಹುಟ್ತು,” ಎಂದಳು. “ಹಾಲೂ ಹೋಯ್ತು. ಲಾಕೆಚ್ ಬೆಳಿಗ್ಗೆಯಿಂದ ಲೋಟ ಹಿಡ್ಕೊಂಡು ಓಡಾಡ್ತಿದಾಳೆ. ಏನು ಕಮ್ಮಿ ಮಾಡಿದ್ದೆ ಇದಕ್ಕೆ? ಮುಂಚೆ ಒಣ ಕಡ್ಡಿ ತಿಂದ್ಕೊಂಡೂ ಚೆನ್ನಾಗಿತ್ತು. ಈಗ ನಿನ್ನ ಪುಣ್ಯದಿಂದ ಹಸಿರು ಹುಲ್ಲು.”

“ನನ್ನ ಪುಣ್ಯ?”

“ನೀನು ಎರಡು ಹೊರೆ ತರ್ತೀಯಲ್ಲ. ಎತ್ತಿಗೆ ಒಂದು ಸಾಕು. ಇನ್ನೊಂದನ್ನ ನಮ್ಮ ಭಾವ ಇಲ್ಲಿಗೆ ಕೊಡ್ತಾನೆ. ಅವನು ಬಾಯಿ ಕೆಟ್ಟವನು, ಕೈ ಅಷ್ಟು ಕೆಟ್ಟದ್ದಲ್ಲ. ದಿನಾ ನಿನ್ನ ಹೆಸರು ಹೇಳ್ಕೊಂಡೇ ಹಾಕ್ತಿದ್ದೆ ನಾನು.”

ಗೊಂತಿನಲ್ಲಿ ಅರ್ಧ ತಿಂದ ಹುಲ್ಲಿತ್ತು. ಬುಡಕ್ಕೆ ಕೊಯ್ದ ಹುಲ್ಲು, ಇನ್ನೂ ಒದ್ದೆ. ಅದು ಯಾವ ಕಡೆಯ ಹುಲ್ಲು, ಯಾವ ಬೆಳಿಗ್ಗೆ ಎಷ್ಟು ಖುಷಿಯಿಂದ ಕೊಯ್ದದ್ದು, ಅಗುಮಾಸನಿಗೆ ಗೊತ್ತಿತ್ತು. ಅವನು ಅದನ್ನೆಲ್ಲ ಎರಡೂ ಕೈಯಿಂದ ಬಾಚಿ ಹೊರಗೆಸೆದ. ವುಬಿತ್ “ಏನಾಯ್ತೋ?” ಎಂದು ಎದ್ದಳು.

ಹೇಳಬೇಕಾಯಿತು. ಬಸವನಹುಳುವಿನಿಂದ ಹಿಡಿದು ಎಲ್ಲ ಹೇಳಿದ. ಗೊತ್ತಿಲ್ಲದೆ ಆಯಿತೆಂದು ಸುಳ್ಳಾಡುವುದು ಸುಲಭವಿತ್ತು. ಹಸುವಿನ ಆ ಗದ್ದ ನೋಡುತ್ತ ನಾಲಿಗೆ ಹೊರಳಲಿಲ್ಲ.

ವುಬಿತ್ ಹಸುವಿನ ಕೊರಳ ಮೇಲೆ ಕೈಯಿಟ್ಟಳು. ಆಮೇಲೆ ಕೇಳಿದಳು: “ನನ್ನ ಭಾವ ನಿನ್ನ ಬೈದ. ಅದಕ್ಕೆ ನನ್ನ ಹಸು?”

“ನಿನ್ನ ಹಸು ಅಂತ ಗೊತ್ತಿರ್ಲಿಲ್ಲ.”

“ಎತ್ತು ಅಂತ ಗೊತ್ತಿತ್ತಲ್ಲ. ಎತ್ತಿಗೆ ಬಾಯಿ ಇದ್ಯಾ ನಿನ್ನ ಬೈಯೋಕೆ?” ಅವಳ ಧ್ವನಿ ಏರಲಿಲ್ಲ. ಏರಿದ್ದರೆ ಅವನಿಗೆ ಹಗುರವಾಗುತ್ತಿತ್ತು. “ನಾನು ಯಾರಿಗೂ ಹೇಳಲ್ಲ. ಹೇಳಿದ್ರೆ ನಿಮ್ಮಮ್ಮನ ಮನೆಗೆ ಬರೋಳು ನಾನೂ ಇಲ್ಲ ಅಂತಾಗುತ್ತೆ. ಆದ್ರೆ ನಾಳೆ ಬೆಳಿಗ್ಗೆ ನೀನಿಲ್ಲಿಗೆ ಬಾ. ಲಾಕೆಚ್ ಎದ್ದು ಹಾಲು ಕೇಳ್ತಾಳೆ. ನೀನೇ ಅವಳಿಗೆ ಉತ್ತರ ಕೊಡು.”

ಅಗುಮಾಸ್ ಅಲ್ಲಿಂದ ನೇರ ಪೇಟೆಯ ದಾರಿ ಹಿಡಿದ. ಮೂರು ಗಂಟೆ ನಡೆದು ಬಾಂಚಿಯನ್ನು ಹುಡುಕಿ, ಅವಳ ಬೈಕಿನ ಹಿಂದೆ ಕೂತು ಹಿಂದಿರುಗಿದ. ಬಾಂಚಿ ಹಸುವಿನ ಕಣ್ಣರೆಪ್ಪೆ ಮಗುಚಿ ನೋಡಿದಳು. ಒಳಗೆಲ್ಲ ಬಿಳಿಚು. ತೂಕ ಅಂದಾಜು ಮಾಡಿ ಪೂರ್ತಿ ಪ್ರಮಾಣದ ಔಷಧಿ ಕುಡಿಸಿದಳು. ಸುದ್ದಿ ತಿಳಿದು ಅಂಬಾವ್ ಬಂದು ಬಾಗಿಲಲ್ಲಿ ನಿಂತ.

“ನಿಮ್ಮ ಎತ್ತಿಗೂ ಹಾಕಿಸಿ ಗಾಶೆ,” ಎಂದ ಅಗುಮಾಸ್, ಮುಖ ಎತ್ತದೆ. “ಇದು ನೀರಂಚಿನ ಹುಲ್ಲಿಂದ ಬರೋದು. ಇನ್ನು ಆ ಹುಲ್ಲು ಬೇಡ.”

“ನಲವತ್ತು ವರ್ಷದಿಂದ ಆ ಹುಲ್ಲು ತಿನ್ನಿಸ್ತಿದೀನಿ. ನನ್ನಪ್ಪನ ಹೋರಿ ನೋಡೋಕೆ ಮೂರು ಊರಿನವರು ಬರ್ತಿದ್ರು. ಅವು ಎಲ್ಲಿ ಮೇಯ್ತಿದ್ವು? ಆಕಾಶದಲ್ಲಾ?” ಅಂಬಾವ್ ಹಸುವಿನ ಗದ್ದವನ್ನೊಮ್ಮೆ ನೋಡಿ ಕಣ್ಣು ಹೊರಳಿಸಿದ. ಅವನಿಗೂ ಹೆದರಿಕೆಯಾಗಿತ್ತು. “ಔಷಧಿ ಬೇಡ ಅನ್ನಲ್ಲ. ಹಾಕಮ್ಮ, ಎತ್ತಿಗೂ ಹಾಕು. ಆದ್ರೆ ಈ ಹಟ್ಟಿಗೆ ಯಾರ ಕಣ್ಣು ಬಿದ್ದಿದೆ ಅಂತ ನಂಗೊತ್ತು.”

ವುಬಿತ್ ಅಗುಮಾಸನ ಕಡೆ ನೋಡಿದಳು. ಆಮೇಲೆ ಹಸುವಿನ ಕಡೆ ತಿರುಗಿದಳು.

ಹೊರಡುವಾಗ ಬಾಂಚಿ ಅವನಿಗೊಬ್ಬನಿಗೇ ಕೇಳುವಂತೆ, “ಔಷಧಿ ಇವತ್ತಿನ ಹುಳಕ್ಕೆ. ನಾಳೆ ಅದೇ ಹುಲ್ಲು ಹಾಕಿದ್ರೆ ಸರೋವರಕ್ಕೆ ಸುರಿದ ಹಾಗೆ,” ಎಂದಳು.

ಮರುದಿನ ಬೆಳಿಗ್ಗೆ ಲಾಕೆಚ್ ಲೋಟ ಹಿಡಿದು ಬಂದಾಗ ಅಗುಮಾಸ್ ಹಟ್ಟಿಯ ಬಾಗಿಲಲ್ಲಿದ್ದ. ಮಗು ಅವನ ಮುಖ ನೋಡಿ, “ಹಸು ಯಾಕೆ ಹಾಲು ಕೊಡಲ್ಲ?” ಎಂದು ಕೇಳಿತು. ಅವನು ಮೊಣಕಾಲೂರಿ ಕೂತ. ತನ್ನ ತಾಯಿಯ ಆಡಿನಿಂದ ಕರೆದು ತಂದ ಹಾಲನ್ನು ಲೋಟಕ್ಕೆ ಬಗ್ಗಿಸಿದ. ಅದು ಅರ್ಧ ಲೋಟಕ್ಕೇ ಮುಗಿಯಿತು. ಅಂದಿನಿಂದ ದಿನಾ ಅರ್ಧ ಲೋಟ.

ಗುಡ್ಡ ಸರೋವರದ ವಿರುದ್ಧ ದಿಕ್ಕಿಗೆ, ಎರಡು ಗಂಟೆಯ ಹಾದಿ. ಅಲ್ಲಿನ ಹುಲ್ಲು ಒರಟು. ಕೈ ಕೊಯ್ಯುತ್ತದೆ. ಕೊಯ್ದು, ಬಂಡೆಯ ಮೇಲೆ ಹರಡಿ, ದಿನಗಟ್ಟಲೆ ಬಿಸಿಲಿಗೆ ಬಿಟ್ಟು, ಹಿಂದೆ ಒಣಗಿಸಿದ್ದನ್ನು ಕಟ್ಟಿ ಇಳಿಸಬೇಕು. ಅಗುಮಾಸ್ ಅದನ್ನೂ ಎರಡು ಹೊರೆ ಮಾಡಿದ. ಒಂದನ್ನು ತಾನೇ ವುಬಿತ್‌ಳ ಹಟ್ಟಿಗೆ ಹಾಕಿ, ಇನ್ನೊಂದನ್ನು ಅಂಬಾವನ ಬಾಗಿಲಿಗೆ ಒಯ್ದ. ಅವನ ಸಿಟ್ಟು ಇಳಿದಿತ್ತು ಎಂದುಕೊಳ್ಳಬೇಡಿ. ಹತ್ತುವಾಗ ಇಳಿಯುವಾಗ ಹೆಜ್ಜೆಗೊಂದು ಸಲ ಅಂಬಾವನನ್ನು ಬೈಯುತ್ತಿದ್ದ. ಹುಲ್ಲು ಮಾತ್ರ ಗುಡ್ಡದ್ದೇ ಇರುತ್ತಿತ್ತು.

ಒಂದು ಭಾನುವಾರ ಇಗರ್ಜಿ ಬಿಟ್ಟು ಜನ ಅಂಬಾವನ ಮನೆಯೆದುರು ತಲ್ಲಾ ಎಂಬ ಮನೆಬಿಯರು ಕುಡಿಯಲು ಸೇರಿದ್ದರು. ಅಂಬಾವನ ಕೈಯಲ್ಲಿ ಬಿಯರಿನ ಸೋರೆಬುರುಡೆ. ಅಗುಮಾಸ್ ಹೊರೆ ಇಳಿಸಿದ. ಅಂಬಾವ್ ಎದ್ದುಬಂದು ಕಾಲಿನಿಂದ ಅದನ್ನು ಒದ್ದ. ಕಟ್ಟು ಬಿಚ್ಚಿ ಹುಲ್ಲು ಅಂಗಳದ ತುಂಬ ಚೆಲ್ಲಿತು.

“ಏನೋ ಇದು? ಸೂರಿಗೆ ಹೊದಿಸೋ ಕಸ! ವಾರಗಟ್ಟಲೆಯಿಂದ ನೋಡ್ತಿದೀನಿ, ಸುಮ್ನಿದ್ರೆ ಇದನ್ನೇ ತರ್ತಿದೀಯ. ಫಾಸಿಕಾ ಹತ್ರ ಬಂತು. ನನ್ನ ಎತ್ತಿನ ಮಾಂಸ ಇಳಿಸಿ ನನ್ನ ಮುಖಕ್ಕೆ ಮಸಿ ಬಳೀಬೇಕು ಅಂತ ಲೆಕ್ಕನಾ ನಿಂದು?”

“ಅಷ್ಟು ದೂರದಿಂದ ತರ್ತಾನಲ್ಲ ಗಾಶೆ, ಸೋಮಾರಿ ಅನ್ನೋಕಾಗಲ್ಲ,” ಎಂದ ಕೂತವರಲ್ಲೊಬ್ಬ.

“ದೂರ ಹೋಗಿ ಮಲಗಿ ಬರ್ತಾನೆ ಅವನು! ಕೇಳೋ ಇಲ್ಲಿ. ನಾಳೆಯಿಂದ ನೀರಂಚಿನದ್ದೇ ತರಬೇಕು. ಬುಡಕ್ಕೆ ಕೊಯ್ದು ತರಬೇಕು. ಹಿಂಡಿದ್ರೆ ನೀರು ಸೋರಬೇಕು. ಇವರೆಲ್ಲರ ಎದುರಿಗೆ ಹೇಳ್ತಿದೀನಿ. ಇಲ್ಲ ಅಂದ್ರೆ ನೀನೂ ನಿಮ್ಮಮ್ಮನೂ ಕಿರ್ಚಾದಿಂದ ಆಚೆ. ಸತ್ತಾಗ ನೀವೇ ಒಬ್ಬರನ್ನೊಬ್ಬರು ಹೂತ್ಕೊಳಿ.”

ಅಗುಮಾಸ್ ಅಂಬಾವನ ಮುಖ ನೋಡಿದ. ತಾನು ಕದ್ದು ಮಾಡುತ್ತಿದ್ದುದನ್ನು ಈ ಮನುಷ್ಯ ಹನ್ನೆರಡು ಮನೆಯವರ ಸಾಕ್ಷಿ ಹಾಕಿಸಿ ಕೇಳುತ್ತಿದ್ದಾನೆ. ‘ಆಗಲಿ ಗಾಶೆ’ ಎಂದರೆ ಸಾಕು. ನಾಳೆ ಕೊಯ್ದು ತಂದರೆ ಯಾರೂ ತನ್ನತ್ತ ಬೆರಳು ತೋರಿಸುವಂತಿಲ್ಲ. ತಾಯಿಯ ಮನೆ ಉಳಿಯುತ್ತದೆ. ಮುದುಕ ತನ್ನ ಗುಂಡಿಯನ್ನು ತಾನೇ ತೋಡಿ, ತಾನೇ ಅಳತೆ ನೋಡಿ ಮಲಗಿದಂತಾಗುತ್ತದೆ. ಹಲ್ಲಿನ ಹಿಂದೆ ಆ ಎರಡು ಪದ ಬಂದು ನಿಂತವು. ಬಾಯಿ ತೆರೆದದ್ದೂ ಹೌದು.

ಬೇಲಿಯ ಪಕ್ಕದಲ್ಲಿ ವುಬಿತ್ ಹಗ್ಗ ಹಿಡಿದು ಹಸುವನ್ನು ನಡೆಸುತ್ತಿದ್ದಳು. ಗದ್ದದ ಊತ ಇಳಿದಿತ್ತು. ಹಾಲು ಇನ್ನೂ ಬಂದಿರಲಿಲ್ಲ. ಅಂಗಳದ ಒಳಗೆ ಅಂಬಾವನ ಎತ್ತು ಕೊರಳು ಚಾಚಿ, ಚೆಲ್ಲಿದ ಒಣಹುಲ್ಲಿಗೆ ನಾಲಿಗೆ ಹಾಕುತ್ತಿತ್ತು. ಅದಕ್ಕೆ ಯಾರ ಮೇಲೂ ಸಿಟ್ಟಿರಲಿಲ್ಲ.

ಅಗುಮಾಸ್ ಬಾಯಿ ಮುಚ್ಚಿದ.

“ಏನು, ನಾಲಿಗೆ ಬಿದ್ಹೋಯ್ತಾ?” ಎಂದ ಅಂಬಾವ್. “ನಿನ್ನಂಥವನಿಗೆ ಹುಲ್ಲು ಯಾವುದು ಕಸ ಯಾವುದು ಅಂತಲೂ ಗೊತ್ತಿಲ್ಲ. ಗೊತ್ತಿದ್ರೆ ಅವತ್ತು ಹುಳ ತಿನ್ನಿಸೋಕೆ ಬರ್ತಿದ್ಯಾ ನಮಗೆ?”

ಕೂತವರು ಗೊಳ್ಳೆಂದರು. ಅಗುಮಾಸ್ ಬಗ್ಗಿ ಅಂಗಳದಲ್ಲಿ ಚೆಲ್ಲಿದ್ದ ಹುಲ್ಲನ್ನು ಕಡ್ಡಿಕಡ್ಡಿಯಾಗಿ ಒಟ್ಟುಮಾಡಿದ. ಅದನ್ನು ಎತ್ತಿನ ಗೊಂತಿಗೆ ತುಂಬಿ, ಮೇಲಿನ ಧೂಳು ಕೊಡವಿದ. ಎತ್ತು ಮುಖ ಇಟ್ಟು ತಿನ್ನತೊಡಗಿತು. ಅವನು ಕುಡುಗೋಲು ತೆಗೆದುಕೊಂಡು ಬೇಲಿ ದಾಟಿದ.

“ನಿಂತ್ಕೊಳೋ! ನಾಳೆ ಎಲ್ಲಿಂದ ತರ್ತೀಯ, ಹೇಳಿ ಹೋಗು! ಏಯ್!”

ಬೇಲಿಯಾಚೆ ದಾರಿ ಎರಡಾಗುತ್ತಿತ್ತು. ಎಡಕ್ಕೆ ಇಳಿದರೆ ಸರೋವರ, ಹತ್ತು ನಿಮಿಷ. ಅಗುಮಾಸ್ ಬಲಕ್ಕೆ ತಿರುಗಿ ಗುಡ್ಡದ ಕಡೆ ನಡೆದ.